ಗುಡಿಸಿದ ಅಂಗಳ

ಶಿಷ್ಯೆ ಕೇಳಿದಳು: "ಗುರುಗಳೇ, ಯಾರ ಹಂಗೂ ಇಲ್ಲದೆ ಪರನಾಡಿನ ನುಡಿ ಕಲಿತೆ. ಅವರ ಕತೆಯನ್ನು ಒಂದು ಮಾತೂ ಬಿಡದೆ ನಮ್ಮ ನುಡಿಗೆ ತಂದಿದ್ದೇನೆ. ಇನ್ನೂ ನನ್ನಲ್ಲಿ ಏನು ಕೊರತೆ ಕಾಣುತ್ತೀರಿ?"

ಗುರು ಹೇಳಿದರು:

ಒಬ್ಬಳು ಕತೆಗಾರ್ತಿ ಇದ್ದಳು. ಬೆಲ್ಲ ಕಟ್ಟಿಬಂದ ಹಾಳೆಗಳನ್ನು ಬಿಡಿಸಿ ಬಿಡಿಸಿ ಓದು ಕಲಿತವಳು. ಇನ್ನೂ ಬಾರದ ಕಾಲದ ಕತೆಗಳನ್ನು ಕಟ್ಟುತ್ತಿದ್ದಳು. ಊರವರು ನಕ್ಕರು. ಅವಳು ಕಡಲಾಚೆಯ ನಾಡಿಗೆ ಹೊರಟುಬಿಟ್ಟಳು. ಅವಳ ಊರಿನಲ್ಲಿ ಪಯಣ ಹೊರಟವರ ಬೆನ್ನಿಗೆ ಯಾರೂ ಮನೆ ಗುಡಿಸುವುದಿಲ್ಲ; ಹಾಗೆ ಗುಡಿಸುವುದು ಹೆಣ ಎತ್ತಿದ ಮೇಲೆ ಮಾತ್ರ. ಅವಳ ತಾಯಿ ಆ ದಿನವೆಲ್ಲ ಪೊರಕೆ ಮುಟ್ಟಲಿಲ್ಲ.

ಆಚೆಯ ನಾಡಿನ ರೀತಿ ಬೇರೆ. ಹೊರಟವರ ಬೆನ್ನಿಗೇ ಮನೆ ಗುಡಿಸುತ್ತಾರೆ, ಮರಳಿ ಬರುವವರಿಗೆ ಮನೆ ಸಿದ್ಧವಿರಲಿ ಎಂದು. ವರ್ಷಗಳು ಕಳೆದು ಅವಳಿಗೂ ಅದೇ ರೂಢಿಯಾಯಿತು. ಅಲ್ಲಿಯ ನುಡಿಯಲ್ಲಿ ಒಂದು ಕತೆ ಬರೆದಳು. ಮಗಳು ನಕ್ಷತ್ರಕ್ಕೆ ಹೊರಡುತ್ತಾಳೆ, ತಾಯಿ ಒಳಗೆ ಬಂದು ಮನೆ ಗುಡಿಸುತ್ತಾಳೆ. ಅಲ್ಲಿ ಓದಿದವರೆಲ್ಲ ಕಣ್ಣೊರೆಸಿಕೊಂಡರು. ಅದನ್ನು ತಾನೇ ತಾಯ್ನುಡಿಗೆ ತಂದು, ನಿನ್ನನ್ನೇ ನೆನೆದು ಬರೆದದ್ದು ಎಂದು ತಾಯಿಗೆ ಕಳಿಸಿದಳು.

ತಾಯಿಗೆ ಓದು ಬಾರದು. ನೆರೆಮನೆಯವಳು ಓದಿ ಹೇಳಿದಳು. ಪೊರಕೆಯ ಮಾತು ಬಂದಾಗ ತಾಯಿ ಸಾಕು ಎಂದಳು. ಮಗಳು ಇನ್ನು ಬರುವುದಿಲ್ಲವಂತೆ ಎಂದಳು.

"ಇದು ನಕ್ಷತ್ರದ ಕತೆ ಕಣೇ, ಹುಚ್ಚಿ," ಎಂದು ನೆರೆಯವಳು ಗದರಿದಳು.

"ನಕ್ಷತ್ರ ಎಲ್ಲಿಯದೋ ನನಗೇನು ಗೊತ್ತು. ಪೊರಕೆ ನಮ್ಮ ಮನೆಯದು."

ದಿನವೂ ಅನ್ನಕ್ಕಿಡುವಾಗ ಮಗಳ ಪಾಲಿಗೆಂದು ತಾಯಿ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಿದ್ದಳು; ಅಂದಿನಿಂದ ಅದನ್ನು ಬಿಟ್ಟಳು. ಬರಬರುತ್ತಾ ತಾನು ಉಣ್ಣುವುದನ್ನೂ ಬಿಟ್ಟಳು.

ಇದಾವುದೂ ತಿಳಿಯದೆ ಮಗಳು ಒಂದು ಮಧ್ಯಾಹ್ನ ಊರಿಗೆ ಬಂದಳು. ಅಂಗಳ ಗುಡಿಸಿ ಹಸನಾಗಿತ್ತು. ತೊಳೆದ ಪಡಸಾಲೆ ಇನ್ನೂ ಒದ್ದೆಯಿತ್ತು. ಅವಳ ಎದೆ ತುಂಬಿತು. ನಾನು ಬರುವುದು ಅವ್ವನಿಗೆ ಹೇಗೋ ತಿಳಿದಿದೆ, ದಾರಿ ಕಾಯುತ್ತಿದ್ದಾಳೆ ಎಂದುಕೊಂಡಳು.

"ಅವ್ವಾ, ಬಂದೆ," ಎಂದು ಕೂಗಿದಳು.

ಒಳಗಿನಿಂದ ನೆರೆಮನೆಯವಳು ಬಂದಳು. ಕೈಯಲ್ಲಿ ಪೊರಕೆ ಇತ್ತು. ಆಗ ಮಗಳಿಗೆ ತನ್ನ ಊರಿನ ರೀತಿ ನೆನಪಾಯಿತು.

ಗುರು ಕತೆ ನಿಲ್ಲಿಸಿ ಶಿಷ್ಯೆಯ ಮುಖ ನೋಡಿದರು.

"ನೀನು ಊರಿಗೆ ಹೋಗಿ ಎಷ್ಟು ಕಾಲವಾಯಿತು?"