ಯಾರೂ ಮುಟ್ಟದ ಬೀಜ

"ಗುರುಗಳೇ, ಒಂದು ಹೊರೆಯನ್ನು ಹಲವರು ಹಂಚಿಕೊಂಡರೆ ಒಬ್ಬೊಬ್ಬನ ಚಿಂತೆಯೂ ಅಷ್ಟಷ್ಟು ಕಡಿಮೆಯಾಗಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

"ಆಗುತ್ತದೆ. ಬಹಳ ಬೇಗ ಆಗುತ್ತದೆ," ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಗುಡ್ಡದ ಸುತ್ತ ಐದು ಊರುಗಳಿದ್ದವು. ಹಿಂದೆ ಪ್ರತಿ ಊರಿಗೂ ತನ್ನದೇ ಆದ ಒಂದು ಧಾನ್ಯವಿತ್ತು. ಒಂದು ಊರಿನದು ಕೆಂಪು ನವಣೆ, ಇನ್ನೊಂದರದು ಕರಿಸಾಮೆ. ಉಳಿದ ಮೂರು ಊರುಗಳದು ಕೊರಲೆ, ಬರಗು, ಹಾರಕ. ಆಮೇಲೆ ಮೆಕ್ಕೆಜೋಳ ಬಂತು. ಅದನ್ನು ಒರಳಿಗೆ ಹಾಕಿ ಕುಟ್ಟಬೇಕಿಲ್ಲ. ಲಾರಿ ಹೊಲದ ಬದುವಿಗೇ ಬಂದು ತುಂಬಿಕೊಂಡು ಹೋಗುತ್ತದೆ. ಐದೂ ಊರಿನವರು ಅದನ್ನೇ ಬಿತ್ತಿದರು. ಒಂದು ವರ್ಷ ಹುಳು ಬಿದ್ದು, ಐದೂ ಊರುಗಳ ಮೆಕ್ಕೆಜೋಳ ಒಂದೇ ವಾರದಲ್ಲಿ ಜರಡಿಯಾಯಿತು. ಆಗ ಹಿರಿಯರಿಗೆ ಹಳೆಯ ಧಾನ್ಯಗಳ ನೆನಪಾಯಿತು. ಮನೆಗಳ ಮೂಲೆಯಲ್ಲಿ ಉಳಿದಿದ್ದ ಬೀಜವನ್ನು ಹುಡುಕಿ ತೆಗೆದರು.

ಐದು ಊರಿನ ಗೌಡರು ಸೇರಿ ಒಪ್ಪಂದ ಮಾಡಿಕೊಂಡರು. ಪ್ರತಿ ಊರೂ ತನ್ನ ಬೀಜವನ್ನು ವರ್ಷವರ್ಷ ಬಿತ್ತಿ ಉಳಿಸಿಕೊಳ್ಳಬೇಕು. ಜೊತೆಗೆ ಉಳಿದ ನಾಲ್ಕು ಊರುಗಳಿಗೂ ಒಂದೊಂದು ಗಡಿಗೆ ಬೀಜ ಒಪ್ಪಿಸಬೇಕು. ಒಂದು ಊರಿನಲ್ಲಿ ಕೆಟ್ಟುಹೋದರೆ ಇನ್ನೊಂದು ಊರಿನಿಂದ ತರಬಹುದು. ಅದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಪ್ರತಿ ವರ್ಷ ಸುಗ್ಗಿಯ ಮೇಲೆ ಐದೂ ಊರುಗಳ ಸಭೆ ಸೇರುತ್ತಿತ್ತು. ಗೌಡರು ಒಬ್ಬರಿಗೊಬ್ಬರು ಶಾಲು ಹೊದಿಸುತ್ತಿದ್ದರು. ಭಾಷಣಗಳಾಗುತ್ತಿದ್ದವು. ಊಟಕ್ಕೆ ಹೋಳಿಗೆ, ಬಿಳಿ ಅನ್ನ. ಐದು ಧಾನ್ಯಗಳಲ್ಲಿ ಒಂದೂ ಎಲೆಯ ಮೇಲೆ ಕಾಣಿಸಿಕೊಂಡದ್ದಿಲ್ಲ.

ನವಣೆಯ ಊರಿನಲ್ಲಿ ಒಬ್ಬ ರೈತನಿದ್ದ. ಮೊದಲ ಸಭೆಯಲ್ಲಿ ಅವನ ತಂದೆ ಕೈಯೆತ್ತಿ ಒಪ್ಪಿಕೊಂಡಿದ್ದ ಕಾರಣಕ್ಕೆ ಮಗನೂ ಹೊಲದ ಅಂಚಿನಲ್ಲಿ ಒಂದು ಪಟ್ಟಿ ನವಣೆ ಬಿತ್ತುತ್ತಿದ್ದ. ಊರಿನ ಎಲ್ಲರೂ ಬಿತ್ತುತ್ತಾರೆ, ತಾನೂ ಬಿತ್ತುತ್ತೇನೆ ಎಂಬುದಷ್ಟೇ ಅವನ ಲೆಕ್ಕ. ತೆನೆ ಹಾಲುಗಟ್ಟಿದಾಗ ಅಟ್ಟಣೆ ಹತ್ತಿ ಕವಣೆ ಬೀಸುತ್ತಿದ್ದ. ಹಕ್ಕಿಗಳು ಎದ್ದು ಪಕ್ಕದ ಹೊಲಕ್ಕೆ ಹೋಗುತ್ತಿದ್ದವು, ಅಲ್ಲಿಯವನು ಓಡಿಸಿದರೆ ಆಚೆಯ ಹೊಲಕ್ಕೆ. ಹೀಗೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ನಷ್ಟ.

ಹನ್ನೊಂದನೆಯ ವರ್ಷ ಹಕ್ಕಿಗಳು ಎಲ್ಲಿಗೂ ಹೋಗಲಿಲ್ಲ. ಎಷ್ಟು ಓಡಿಸಿದರೂ ಒಂದು ಸುತ್ತು ಹಾರಿ ಅವನ ಪಟ್ಟಿಗೇ ಇಳಿದವು. ರೈತ ಅಟ್ಟಣೆಯ ಮೇಲೆ ನಿಂತು ನಾಲ್ಕೂ ದಿಕ್ಕಿಗೆ ನೋಡಿದ. ಕಣ್ಣು ಹರಿದಷ್ಟು ದೂರ ಮೆಕ್ಕೆಜೋಳ. ಊರಿನಲ್ಲಿ ನವಣೆ ಬಿತ್ತಿದವನು ತಾನೊಬ್ಬನೇ ಎಂದು ಅವನಿಗೆ ಹಕ್ಕಿಗಳಿಂದ ತಿಳಿಯಿತು.

ಅಂದಿನಿಂದ ಅವನು ರಾತ್ರಿಯೂ ಅಟ್ಟಣೆಯ ಮೇಲೇ ಮಲಗತೊಡಗಿದ. ಒಂದು ಹಂದಿ ನುಗ್ಗಿದರೆ ಸಾಕು, ಒಂದು ಆಲಿಕಲ್ಲಿನ ಮಳೆ ಸಾಕು. ಎಷ್ಟೋ ತಲೆಮಾರು ದಾಟಿ ಬಂದ ಬೀಜ ತನ್ನ ಕೈಯಲ್ಲಿ ಮುಗಿಯುತ್ತದೆ. ಮೋಡ ಕಂಡರೆ ಹೆದರಿದ, ಮೋಡವಿಲ್ಲದಿದ್ದರೂ ಹೆದರಿದ. ತಡೆಯಲಾರದೆ ಪಕ್ಕದ ಹೊಲದವನಿಗೆ ಹೇಳಿಕೊಂಡ. ಕೇಳಿದವನ ಮುಖ ಅರಳಿತು. "ನೀ ಬಿತ್ತೀಯಲ್ಲ, ಸಾಕು ಬಿಡು ಮಾರಾಯ. ನಾ ಯಾರೂ ಬಿತ್ತಿಲ್ಲೇನೋ ಅಂತ ಮಾಡಿದ್ದೆ," ಎಂದು ಹಗುರಾಗಿ ಹೊರಟುಹೋದ.

ಆಗ ರೈತನಿಗೆ ಬೇರೆ ಊರುಗಳಿಗೆ ಒಪ್ಪಿಸಿದ ಗಡಿಗೆಗಳು ನೆನಪಾದವು. ಎಲ್ಲಾದರೂ ಒಂದು ಊರಿನವರು ಅದನ್ನು ಬಿತ್ತಿ ಬೆಳೆಯುತ್ತಿದ್ದರೆ ತಾನು ಈ ಕಾಟದಿಂದ ಪಾರು. ಬೀಜದ ಕಾಳಜಿಯಿಂದ ಹೊರಟೆನೆಂದು ಅವನು ಹೆಂಡತಿಗೆ ಹೇಳಿದ. ಅವನಿಗೆ ಬೇಕಿದ್ದದ್ದು ಬಿಡುಗಡೆ. ಗುಡ್ಡ ಬಳಸಿ ಸಾಮೆಯ ಊರಿಗೆ ಹೋದ.

ಅಲ್ಲಿಯ ಗೌಡ ಅವನನ್ನು ಆದರದಿಂದ ಕೂರಿಸಿ ಮಜ್ಜಿಗೆ ಕೊಟ್ಟ. ಅಡುಗೆಮನೆಯ ಅಟ್ಟಕ್ಕೆ ಕರೆದುಕೊಂಡು ಹೋದ. ಒಲೆಯ ನೇರಕ್ಕೆ ನಾಲ್ಕು ಗಡಿಗೆಗಳು ಸಾಲಾಗಿ ಕೂತಿದ್ದವು. ಬಾಯಿಗೆ ಮಣ್ಣು ಮೆತ್ತಿತ್ತು. ಮೈತುಂಬ ಅರಿಸಿನ ಕುಂಕುಮ.

"ಇದರಾಗ ಎಷ್ಟು ಬಿತ್ತೀರಿ ಗೌಡ್ರ?" ಎಂದು ರೈತ ಕೇಳಿದ.

ಗೌಡನಿಗೆ ಮಾತು ಚುಚ್ಚಿತು. "ಬಿತ್ತೂದಾ? ಇದು ನಿಮ್ಮೂರಿನ ಒಡವಿ. ನಂಬಿ ಇಟ್ಟದ್ದಕ್ಕ ಕೈ ಹಚ್ಚೋ ಮಂದಿ ಅಲ್ಲಪಾ ನಾವು. ಅಮಾಸಿಗೊಮ್ಮೆ ಪೂಜೆ ತಪ್ಪಿಸಿಲ್ಲ. ಬೇಕಾದ್ರ ಅಳದು ನೋಡು, ಒಂದು ಕಾಳು ಕಡಿಮಿ ಇದ್ರ ನನ್ನ ಕೇಳು."

ರೈತನ ಊರಿನ ಗೌಡನ ಅಟ್ಟದಲ್ಲೂ ಇಂಥವೇ ನಾಲ್ಕು ಗಡಿಗೆಗಳಿದ್ದವು. ಅವಕ್ಕೆ ಅವನೂ ಎಷ್ಟೋ ಸಲ ಕೈಮುಗಿದಿದ್ದ. ಆ ಕಡೆಯ ಜನ ಪ್ರಾಮಾಣಿಕರು. ಒಪ್ಪಿಸಿದ ವಸ್ತುವನ್ನು ಬಳಸುವುದು ಕಳ್ಳತನಕ್ಕಿಂತ ಕೀಳು ಎಂದು ತಿಳಿದವರು. ಅವರ ಪ್ರಾಮಾಣಿಕತೆಯಲ್ಲಿ ಬೀಜ ಹನ್ನೊಂದು ವರ್ಷ ಒಲೆಯ ಹೊಗೆ ಕುಡಿದಿತ್ತು. ರೈತ ಒಂದು ಚಿಟಿಕೆ ನವಣೆ ಕೇಳಿದ. ಅದು ರೈತನ ಊರಿನದೇ ಬೀಜವಾದ್ದರಿಂದ ಗೌಡ ತಾನೇ ಮಣ್ಣು ಒಡೆದು ತೆಗೆದುಕೊಟ್ಟ. ರೈತ ಅದನ್ನು ಟವೆಲಿನ ತುದಿಗೆ ಕಟ್ಟಿಕೊಂಡ.

ಊರ ಹೊರಗೆ ಒಬ್ಬ ಹೆಂಗಸು ತಗಡಿನ ಡಬ್ಬ ಬಡಿಯುತ್ತ ಹಕ್ಕಿ ಓಡಿಸುತ್ತಿದ್ದಳು. ಅವಳ ಮುಂದೆ ಕರಿಸಾಮೆಯ ಒಂದು ಸಣ್ಣ ಪಟ್ಟಿ. ಸುತ್ತ ಮೆಕ್ಕೆಜೋಳ. ಹಕ್ಕಿಗಳು ಹಾರಿ ಅಲ್ಲಿಗೇ ಇಳಿಯುತ್ತಿದ್ದವು. ರೈತನ ಕಾಲು ನಿಂತಿತು.

"ಯಾವೂರಣ್ಣಾ?" ಎಂದಳು. ಅವನು ಊರು ಹೇಳಿದ. "ಹಂಗಾರ ನಿನ್ ಮುಂದ ಹೇಳಬಹುದು. ನಮ್ಮೂರಾಗ ಸಾಮೆ ಬಿತ್ತಾಕಿ ನಾನೊಬ್ಬಾಕಿನ. ಗೌಡ್ರ ಕಿವಿಗೆ ಬೀಳಬಾರದು, ಊರಿನ ಮರ್ಯಾದಿ ಹೋಗತೈತಿ. ಎದ್ಯಾಗ ಡವಡವ ಅಂತೈತಿ ನೋಡು. ಆದ್ರ ನಮ್ಮ ಬೀಜ ನಿಮ್ಮೂರಾಗ ಐತಲ್ಲ. ಬೆಳೀತೀರಿ ಹೌದಿಲ್ಲೋ?"

ರೈತ ಅವಳ ಮುಖ ನೋಡಿದ. ಅವಳಿಗೆ ಬೇಕಾದ ಮಾತು ಯಾವುದೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಅವನು ಹುಡುಕಿಕೊಂಡು ಬಂದದ್ದೂ ಅದೇ ಮಾತನ್ನು. "ಹೌದು ತಂಗಿ, ಚಲೋ ಬೆಳದೈತಿ," ಎಂದ.

ಅವಳು ಡಬ್ಬ ಕೆಳಗಿಟ್ಟಳು. "ಬದುಕಿದೆ. ಹಂಗಾರ ಇದಽ ಕಡೀ ವರ್ಷ. ಬರೂ ವರ್ಷ ನಾನೂ ಮೆಕ್ಕಿಜೋಳ ಹಾಕತೇನಿ."

ಅವನು ತಿದ್ದಬಹುದಿತ್ತು. ತಿದ್ದಲಿಲ್ಲ. ಬೇಗ ಬೇಗ ನಡೆದ.

ಮನೆಯಲ್ಲಿ ಆ ಚಿಟಿಕೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ. ತನ್ನ ಹೊಲದ ಹೋದ ವರ್ಷದ ಕಾಳನ್ನು ಇನ್ನೊಂದು ಬಟ್ಟೆಯಲ್ಲಿ ಇಟ್ಟ. ನಾಲ್ಕನೆಯ ದಿನ ಅವನ ಕಾಳು ಬಿಳಿ ಬಾಲ ಚಾಚಿತ್ತು. ಗೌಡನ ಕಾಳು ನೆನೆದು ಊದಿ ವಾಸನೆ ಹೊಡೆಯುತ್ತಿತ್ತು. ಒಂದೂ ಮೊಳೆತಿರಲಿಲ್ಲ. ಎಂಟನೆಯ ದಿನದವರೆಗೂ ಕಾದ. ತನ್ನ ಊರಿನ ಅಟ್ಟದ ಮೇಲಿನ ಸಾಮೆಯೂ ಅದೇ ವರ್ಷದ್ದು, ಅಂಥದೇ ಹೊಗೆ ಕುಡಿದದ್ದು. ಅದರ ಗತಿಯೂ ಬೇರೆಯಾಗಿರಲಾರದು ಎಂದುಕೊಂಡ.

ಕೊಯ್ಲಾಯಿತು. ಸಭೆ ಸೇರಿತು. ಹೇಳಿಬಿಡಬೇಕೆಂದು ಅವನು ಮೊಳೆಯದ ಕಾಳಿನ ಗಂಟನ್ನು ಜೇಬಿನಲ್ಲಿಟ್ಟುಕೊಂಡು ಹೋದ. ಸಭೆಯ ಅಧ್ಯಕ್ಷರು ಒಬ್ಬೊಬ್ಬ ಗೌಡನನ್ನೂ ಕೇಳಿದರು. ಐವರೂ ಎದ್ದು, ತಮಗೆ ಒಪ್ಪಿಸಿದ ಬೀಜ ಒಂದು ಕಾಳೂ ಕಡಿಮೆಯಾಗದೆ ಇದೆ ಎಂದರು. ಸಾಮೆಯ ಊರಿನ ಗೌಡ, ಬೀಜದ ಒಡೆಯರಿಗೇ ಕೊಟ್ಟ ಒಂದು ಚಿಟಿಕೆಯ ಲೆಕ್ಕವನ್ನೂ ಒಪ್ಪಿಸಿದ. ಐವರೂ ನಿಜವನ್ನೇ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅಷ್ಟು ಜನ ನೆಮ್ಮದಿಯಿಂದ ಕೂತಿರುವಾಗ ರೈತ ಎದ್ದು ನಿಲ್ಲಲಿಲ್ಲ, ಗಂಟನ್ನು ಜೇಬಿನ ಒಳಕ್ಕೆ ತಳ್ಳಿದ. ಹೋಳಿಗೆ ಬಡಿಸುವ ಹೊತ್ತಿಗೆ ಅವನು ಹಿಂದಿನಿಂದ ಎದ್ದುಹೋದ. ಮನೆಯಲ್ಲಿ ಬೀಜಕ್ಕೆಂದು ತೆಗೆದಿಟ್ಟಿದ್ದ ನವಣೆಯಲ್ಲಿ ಅರ್ಧವನ್ನು ಗಂಟು ಕಟ್ಟಿಕೊಂಡು ಗುಡ್ಡ ಬಳಸಿ ನಡೆದ.

ಆ ಹೆಂಗಸು ಅಂಗಳದಲ್ಲಿ ಒರಳು ಒರೆಸಿ ಒನಕೆ ಎತ್ತಿಡುತ್ತಿದ್ದಳು.

"ತಂಗಿ, ಅವತ್ತು ಸುಳ್ಳು ಹೇಳಿದೆ. ನಿಮ್ಮ ಸಾಮೆ ನಮ್ಮೂರಾಗ ಯಾರೂ ಬಿತ್ತಿಲ್ಲ. ಗಡಿಗ್ಯಾಗಿಂದು ಇನ್ನ ಹುಟ್ಟೂದಿಲ್ಲ."

ಒನಕೆ ಅವಳ ಕೈಯಿಂದ ಜಾರಿತು. "ನಿನ್ನ ಬಾಯಾಗ ಮಣ್ಣು ಹಾಕ! ನಿನ್ನ ಮಾತು ನಂಬಿ ಬೀಜಕ್ಕಂತ ಒಂದು ಹಿಡಿ ಸೈತ ತೆಗದಿಡಲಿಲ್ಲೋ. ಎಲ್ಲಾ ಕುಟ್ಟಿದೆ. ನಿನ್ನೆ ಉಂಡದ್ದು ಅದಽ ಅನ್ನ!"

ಇಬ್ಬರೂ ಕಣಕ್ಕೆ ಓಡಿದರು. ಹುಲ್ಲಿನ ಬಣವೆ ಕಿತ್ತು ಒಂದೊಂದು ಹಿಡಿಯನ್ನೂ ಮತ್ತೆ ಕೊಡವಿದರು. ಕಣದ ಬಿರುಕಿನಿಂದ ಕಡ್ಡಿ ಹಾಕಿ ಕಾಳು ಎಬ್ಬಿಸಿದರು. ಬದುವಿನಲ್ಲಿ ಹಕ್ಕಿ ಬಿಟ್ಟುಹೋದ ತೆನೆ ಹುಡುಕಿದರು. ಅವಳು ಅವನನ್ನು ಬೈಯುತ್ತಲೇ ಹುಡುಕಿದಳು. ಅವನು ಬೈಸಿಕೊಳ್ಳುತ್ತಲೇ ಹುಡುಕಿದ. ಹೊತ್ತು ಇಳಿಯುವಾಗ ಎಲ್ಲ ಸೇರಿ ಎರಡು ಬೊಗಸೆಯಾಯಿತು.

ಒಂದು ಬೊಗಸೆ ಸಾಮೆ ಅವಳು ಇಟ್ಟುಕೊಂಡಳು, ಒಂದನ್ನು ಅವನ ಟವೆಲಿಗೆ ಹಾಕಿದಳು. ಅವನು ತಂದ ನವಣೆಯನ್ನು ಅವಳ ಸೆರಗಿಗೆ ಸುರಿದ.

"ಪೂಜೆ ಗೀಜೆ ಮಾಡಬ್ಯಾಡ. ಬಿತ್ತು. ತೆನಿ ಬರೂ ಹೊತ್ತಿಗೆ ಬಂದು ನೋಡತೇನಿ," ಎಂದ.

"ನೀ ಬಾರದಿದ್ರ ನಾ ಬರತೇನಿ. ನಿನ್ನಂಥಾ ಸುಳ್ಳನ್ನ ಮಾತು ಕೇಳಿ ಮನ್ಯಾಗ ಕುಂಡ್ರಾಕಿ ಅಲ್ಲ ಇನ್ನ."

ರೈತ ಟವೆಲಿನ ಗಂಟನ್ನು ಎದೆಗೊತ್ತಿಕೊಂಡು ಹೊರಟ. ಬರುವಾಗ ಅವನಿಗೆ ತನ್ನ ಪಟ್ಟಿಯ ಹಂದಿಯ ಭಯವಷ್ಟೇ ಇತ್ತು. ಈಗ ಗುಡ್ಡದ ಆಚೆಯ ಹಂದಿಯ ಭಯವೂ ಸೇರಿತು. ನಡೆಯುತ್ತ ಆಕಾಶ ನೋಡಿದ, ತಿರುಗಿ ಅವಳ ಊರಿನ ಕಡೆಯ ಆಕಾಶವನ್ನೂ ನೋಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ, ಗುರುಗಳೇ? ಅವರು ಬಿತ್ತಿದರೇ? ಆ ಬೀಜ ಉಳಿಯಿತೇ?"

"ಉಳಿಯಿತು ಎಂದು ನಾನು ಹೇಳಿಬಿಟ್ಟರೆ ನೀನೂ ನೆಮ್ಮದಿಯಿಂದ ಎದ್ದು ಊಟಕ್ಕೆ ಹೋಗುತ್ತೀಯಲ್ಲವೇ?" ಎಂದರು ಗುರುಗಳು.