ತಿರಕವ್ವನ ಮೇಜಿಗೆ ಒಂದು ಕಟರ್

ನದಿಯ ದಡದ ಆ ಆಶ್ರಮದಲ್ಲಿ ಹಳೆಯ ಹತ್ತಿಬಟ್ಟೆಯಿಂದ ಕಾಗದ ಮಾಡುತ್ತಿದ್ದರು. ಆ ಕಾಗದದಿಂದ ಸಂಕ್ರಾಂತಿಗೆ ಕಾರ್ಡು ಮಾಡುತ್ತಿದ್ದರು. ಒಂದು ಹೊತ್ತಾದರೂ ಅಲ್ಲಿ ಉಂಡು ಹೋದವರಿಗೆಲ್ಲ ಒಂದೊಂದು ಕಾರ್ಡು, ಜೊತೆಗೆ ಒಂದು ಚಿಟಿಕೆ ಕುಸುರೆಳ್ಳು ಅಂಚೆಯಲ್ಲಿ ಹೋಗಬೇಕು. ಅದು ಅಲ್ಲಿಯ ಪದ್ಧತಿ.

ಮೂವತ್ತು ವರ್ಷದಿಂದ ಆ ಕಾರ್ಡುಗಳನ್ನು ಕೊಯ್ಯುತ್ತಿದ್ದವಳು ತಿರಕವ್ವ. ಚರ್ಮ ಕೊಯ್ಯುವ ರಂಪಿಗೆಯೊಂದು, ತೇಗದ ಪಟ್ಟಿಯೊಂದು, ಇಷ್ಟೇ ಅವಳ ಸಲಕರಣೆ. ಕಿಟಕಿಯ ಪಕ್ಕದ ಮೇಜು ಅವಳದು. ಅಲ್ಲಿ ಬೇರೆ ಯಾರನ್ನೂ ಅವಳು ಕೂರಗೊಡುತ್ತಿರಲಿಲ್ಲ.

ಆ ವರ್ಷ ಅವಳ ಬಲ ಮಣಿಕಟ್ಟು ಊದಿಕೊಂಡಿತು. ಔಷಧ ಆಯಿತು, ಎಣ್ಣೆ ಆಯಿತು, ಬಟ್ಟೆಯ ಕಟ್ಟು ಆಯಿತು. ಊತ ಇಳಿಯಲಿಲ್ಲ.

ಮರುಳಯ್ಯ ಗುರುಗಳು ಮೇದಿನಿಯನ್ನು ಕರೆದರು. ಅವಳು ವಿಜ್ಞಾನದ ಪದವಿ ಮುಗಿಸಿ ಆಶ್ರಮಕ್ಕೆ ಬಂದು ಐದು ತಿಂಗಳಾಗಿತ್ತು.

“ತಿರಕವ್ವನಿಗೆ ರಂಪಿಗೆ ಹಿಡಿಯಲು ಆಗುತ್ತಿಲ್ಲ. ಒಂದು ಕಟರ್ ಬೇಕು. ಆರಿಸಿ ಕೊಡು.”

“ಯಾವ ತರಹದ್ದು, ಗುರುಗಳೇ?”

“ಅದು ಗೊತ್ತಿದ್ದರೆ ನಿನ್ನನ್ನು ಯಾಕೆ ಕರೆಯುತ್ತಿದ್ದೆ?”

ಮೇದಿನಿ ಪೇಟೆಗೆ ಹೋದಳು. ಅಂಗಡಿಯವನು ಒಳ್ಳೆಯ ಮನುಷ್ಯ. ಮೂರು ಕಟರ್‌ಗಳನ್ನು ಕೊಟ್ಟು, “ಎಂಟು ದಿನ ಇಟ್ಟುಕೊಂಡು ನೋಡಿ, ಬೇಡವಾದ ಎರಡನ್ನು ವಾಪಸು ತನ್ನಿ” ಎಂದ.

ಮೊದಲನೆಯದಕ್ಕೆ ಉದ್ದನೆಯ ಹಿಡಿ. ಹಿಡಿಯನ್ನು ಮೇಲಿಂದ ಕೆಳಗೆ ಒತ್ತಿದರೆ ಅಲಗು ಹಾಳೆಯನ್ನು ಕೊಯ್ಯುತ್ತಿತ್ತು. ಎರಡನೆಯದರಲ್ಲಿ ಸಣ್ಣ ಬ್ಲೇಡು, ಅದನ್ನು ಕಿರಿದಾದ ತೋಡಿನಲ್ಲಿ ಜಾರಿಸಬೇಕು. ಮೂರನೆಯದರಲ್ಲಿ ಬ್ಲೇಡಿನ ಬದಲು ಹರಿತವಾದ ಪುಟ್ಟ ಚಕ್ರ. ಕಂಬಿಯ ಮೇಲೆ ಉರುಳಿಸಬೇಕು.

ಮೇದಿನಿ ಮೂರನ್ನೂ ಕಿಟಕಿಯ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಜಾಗ ಸಾಲಲಿಲ್ಲ. ರಂಪಿಗೆಯನ್ನೂ ತೇಗದ ಪಟ್ಟಿಯನ್ನೂ ಎತ್ತಿ ಅಟ್ಟದ ಮೇಲಿಟ್ಟಳು.

ತಿರಕವ್ವ ಬಾಗಿಲಲ್ಲಿ ನಿಂತು ನೋಡಿದಳು. ಅವತ್ತಿನಿಂದ ಹಿತ್ತಲಲ್ಲಿ ಕುಳಿತು ಚಿಂದಿ ಹರಿಯತೊಡಗಿದಳು.

ಮೇದಿನಿ ಒಂದು ಪಟ್ಟಿ ಬರೆದಳು. ಕೊಯ್ತ ನೇರವೇ? ಅಂಚು ನಯವೇ? ಒಮ್ಮೆಗೆ ಎಷ್ಟು ಹಾಳೆ? ಎಷ್ಟು ಬಲ ಬೇಕು? ಪ್ರತಿಯೊಂದಕ್ಕೂ ಅಂಕ. ಪ್ರತಿ ಕಟರ್‌ನಲ್ಲಿ ಇಪ್ಪತ್ತು ಕಾರ್ಡು ಕೊಯ್ದಳು. ಪ್ರತಿ ಕಾರ್ಡಿನ ಎರಡು ಕರ್ಣಗಳನ್ನೂ ಅಳೆದಳು. ಎರಡೂ ಸಮ ಇದ್ದರೆ ಮಾತ್ರ ಕಾರ್ಡು ಚೊಕ್ಕ.

ಒಂದರಲ್ಲೂ ಸಮ ಬರಲಿಲ್ಲ. ಕಾರ್ಡುಗಳು ಲಕೋಟೆಯೊಳಗೆ ಓರೆಯಾಗಿ ಸಿಕ್ಕಿಕೊಂಡವು.

ನಾಲ್ಕನೆಯ ದಿನ ಅವಳು ಗುರುಗಳ ಮುಂದೆ ನಿಂತಳು.

“ಮೂರೂ ಕೆಟ್ಟವು, ಗುರುಗಳೇ. ಅರವತ್ತು ಕಾರ್ಡು ಕೊಯ್ದೆ. ಅರವತ್ತೂ ಸೊಟ್ಟ.”

“ಅರವತ್ತೂ?”

“ಅರವತ್ತೂ. ಇದಕ್ಕಿಂತ ದೊಡ್ಡ ಯಂತ್ರ ತರಿಸಬೇಕು.”

ಗುರುಗಳು ಪುಸ್ತಕದೊಳಗಿಂದ ಒಂದು ಹಳೆಯ ಕಾರ್ಡು ತೆಗೆದರು. ಓದಿದ ಪುಟದ ಗುರುತಿಗೆ ಇಟ್ಟುಕೊಂಡದ್ದು.

“ಇದನ್ನು ಅಳೆ.”

ಮೇದಿನಿ ಅಳೆದಳು. ಮತ್ತೊಮ್ಮೆ ಅಳೆದಳು. ಎರಡು ಕರ್ಣಗಳೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಒಂದೇ.

“ಇದನ್ನು ಕೊಯ್ದದ್ದು ಯಾವ ಯಂತ್ರ, ಗುರುಗಳೇ?”

“ಅದು ಈಗ ಹಿತ್ತಲಲ್ಲಿ ಚಿಂದಿ ಹರಿಯುತ್ತಿದೆ.”

ಮೇದಿನಿಯ ಮುಖ ಕೆಂಪಾಯಿತು. ಹಿತ್ತಲಿಗೆ ಹೋದಳು.

“ತಿರಕವ್ವಾ, ನನ್ನ ಕಾರ್ಡು ಯಾಕೆ ಸೊಟ್ಟ ಆಗ್ತಿವೆ?”

“ನನ್ನೇನ್ ಕೇಳ್ತೀ? ನಿನ್ನ ಯಂತ್ರ ಕೇಳು.”

“ಕೇಳಿದೆ. ಅದು ಮಾತಾಡಲಿಲ್ಲ.”

ತಿರಕವ್ವನಿಗೆ ನಗು ಬಂತು. ತಡೆದುಕೊಂಡಳು.

“ಹಾಳಿ ಹೆಂಗ ಇಟ್ಟಿ?”

“ಹಾಳೆಯ ಅಂಚನ್ನು ಕಟರ್‌ನ ಅಡ್ಡಪಟ್ಟಿಗೆ ತಾಗಿಸಿ, ಗಟ್ಟಿ ಹಿಡಿದು ಕೊಯ್ದೆ.”

“ಯಾವ ಅಂಚು?”

“ಹಾಳೆಯ ಅಂಚು.”

ತಿರಕವ್ವ ಒಣಹಾಕಿದ್ದ ಹಾಳೆಯೊಂದನ್ನು ತೆಗೆದು ಬಿಸಿಲಿಗೆ ಹಿಡಿದಳು. ತೊಟ್ಟಿಯ ತಿರುಳಿನಿಂದ ಕೈಯಲ್ಲೇ ಎತ್ತಿದ ಕಾಗದ. ನಾಲ್ಕೂ ಅಂಚು ಹುಳ ತಿಂದ ಎಲೆಯಂತೆ ಏರಿಳಿದಿತ್ತು.

“ಈ ಅಂಚಿಗೆ ನೇರ ಇರು ಅಂತ ಯಾರು ಹೇಳ್ಯಾರ? ತೊಟ್ಟಿಯಿಂದ ಎದ್ದಂಗ ಎದ್ದೈತಿ. ಇದನ್ನ ನಂಬಿ ಕೊಯ್ದು, ಯಂತ್ರಕ್ಕ ಬೈತೀ?”

ಮೇದಿನಿ ಮೂರು ಯಂತ್ರಗಳನ್ನು ಪರೀಕ್ಷಿಸಿದ್ದಳು. ಹಾಳೆಯನ್ನು ಪರೀಕ್ಷಿಸಿರಲಿಲ್ಲ.

“ಹಾಗಾದರೆ ಮೊದಲ ನೇರ ಗೆರೆ ಎಲ್ಲಿಂದ ಬರಬೇಕು?”

ತಿರಕವ್ವ ಹಾಳೆಯನ್ನು ತೊಡೆಯ ಮೇಲೆ ಮಡಚಿದಳು. ಎಡಗೈ ಹೆಬ್ಬೆರಳಿನ ಉಗುರಿನಿಂದ ಮಡಿಕೆಯನ್ನು ಒಮ್ಮೆ ತೀಡಿದಳು. ಆ ಮಡಿಕೆಯನ್ನೇ ಅದರ ಮೇಲೆ ಮತ್ತೆ ಮಡಚಿದಳು. ಇನ್ನೊಮ್ಮೆ ತೀಡಿದಳು.

“ಹಿಡಿ.”

ಮೇದಿನಿ ತನ್ನ ಮೂಲೆಮಟ್ಟವನ್ನು ತಂದು ಆ ಮೂಲೆಗೆ ಹಿಡಿದಳು. ಬೆಳಕಿಗೆ ಎತ್ತಿ ನೋಡಿದಳು. ನಡುವೆ ಒಂದು ಎಳೆ ಬೆಳಕೂ ತೂರಲಿಲ್ಲ.

ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಇಲ್ಲ. ಹಾಳೆಯೊಳಗಿಂದಲೇ ನೇರ ಗೆರೆ ಬಂದಿತ್ತು. ಗೆರೆಯಿಂದ ಮೂಲೆ ಬಂದಿತ್ತು. ಕಾಲೇಜಿನಲ್ಲಿ ಮೂರು ವರ್ಷ ಕೂತರೂ ಇಷ್ಟು ಚೊಕ್ಕವಾದದ್ದನ್ನು ಅವಳು ಕಂಡಿರಲಿಲ್ಲ.

“ಇದನ್ನು ನಿಮಗೆ ಯಾರು ಕಲಿಸಿದರು?”

“ಹಾಳಿ.” ತಿರಕವ್ವ ಮತ್ತೆ ಚಿಂದಿ ಕೈಗೆತ್ತಿಕೊಂಡಳು. “ಹೋಗು, ನಿನ್ನ ಯಂತ್ರ ಕಾಯ್ತಾವು. ಇನ್ನ ನನ್ನ ಕೆಲಸ ಏನೈತಿ ಅಲ್ಲಿ.”

ಮೇದಿನಿಗೆ ಪರೀಕ್ಷೆಯ ಆತುರ. ಕೊನೆಯ ಮಾತನ್ನು ಅರ್ಧ ಕೇಳಿ ಓಡಿದಳು.

ಹಾಳೆಯನ್ನು ಹಾಗೆಯೇ ಮಡಚಿ, ಮಡಿಕೆಯನ್ನು ಅಡ್ಡಪಟ್ಟಿಗೆ ತಾಗಿಸಿ ಕೊಯ್ದಳು. ಈಗ ಮೂರು ಕಟರ್‌ಗಳಲ್ಲೂ ಕಾರ್ಡು ಚೊಕ್ಕವಾಗಿ ಬಂತು. ಅಂಕ ಕೂಡಿಸಿದಳು. ಉದ್ದ ಹಿಡಿಯದ್ದು ಬಹಳ ಮುಂದಿತ್ತು. ಒಮ್ಮೆಗೆ ಎಂಟು ಹಾಳೆ, ನಯವಾದ ಅಂಚು. ಜಾರುವ ಬ್ಲೇಡು ಹತ್ತಿಯ ಎಳೆಗಳನ್ನು ಕೀಳುತ್ತಿತ್ತು. ಚಕ್ರದ್ದು ಒಮ್ಮೆಗೆ ಎರಡೇ ಹಾಳೆ.

ಆರನೆಯ ದಿನ ಪಟ್ಟಿಯನ್ನು ಗುರುಗಳ ಮುಂದಿಟ್ಟಳು.

ಗುರುಗಳು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು.

“ಬಹಳ ಅಚ್ಚುಕಟ್ಟು. ಈ ‘ಎಷ್ಟು ಬಲ ಬೇಕು’ ಅನ್ನುವ ಕಡೆ ಮೂರಕ್ಕೂ ‘ಸ್ವಲ್ಪ’ ಎಂದು ಬರೆದಿದ್ದೀಯಲ್ಲ?”

“ಹೌದು ಗುರುಗಳೇ. ಮೂರೂ ಹಗುರವೇ.”

“ಬಲಗೈ ಕೊಡು.”

ಕೊಟ್ಟಳು. ಗುರುಗಳು ಒಂದು ಬಿದಿರಿನ ಸೀಳನ್ನು ಅವಳ ಮಣಿಕಟ್ಟಿನ ಕೆಳಗಿಟ್ಟು, ಮೇಲೆ ಬಟ್ಟೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದರು.

“ನಾಳೆ ಸಂಜೆಯವರೆಗೆ ಬಿಚ್ಚಬೇಡ. ಆ ಒಂದು ಸಾಲನ್ನು ಮತ್ತೆ ಬರೆದು ತಾ.”

ಅವತ್ತು ಮೇದಿನಿಗೆ ತಂಬಿಗೆ ಎತ್ತಲಾಗಲಿಲ್ಲ. ಜಡೆ ಹಾಕಿಕೊಳ್ಳಲಾಗಲಿಲ್ಲ. ರೊಟ್ಟಿ ಮುರಿಯುವಷ್ಟರಲ್ಲಿ ಪಲ್ಯ ಆರಿತು.

ಮರುದಿನ ಬೆಳಿಗ್ಗೆ ಮೇಜಿನ ಮುಂದೆ ನಿಂತಳು.

ಉದ್ದ ಹಿಡಿಯನ್ನು ಒತ್ತಿದಳು. ಅದು ಅರ್ಧ ಇಳಿದು ನಿಂತಿತು. ಭುಜ ಕೊಟ್ಟು ಒತ್ತಿದಳು. ಹಾಳೆಗಳು ಸರಿದವು, ಅಲಗು ಅವನ್ನು ಕಚ್ಚಿತು. ಊತವೇ ಇಲ್ಲದ ಕೈಯಲ್ಲೂ ನೋವು ಚುಳುಕ್ಕೆಂದಿತು.

ಜಾರುವ ಬ್ಲೇಡಿಗೆ ಹೆಬ್ಬೆರಳಿನ ಒತ್ತು ಬೇಕಿತ್ತು. ನಾಲ್ಕನೆಯ ಹಾಳೆಗೆ ಹೆಬ್ಬೆರಳು ಸೋತಿತು.

ಚಕ್ರದ ಮೇಲೆ ಅಂಗೈ ಇಟ್ಟಳು. ಮಣಿಕಟ್ಟು ಬಗ್ಗಿಸುವುದು ಬೇಕಾಗಲಿಲ್ಲ. ತೋಳನ್ನು ಮುಂದೆ ತಳ್ಳಿದಳು. ಚಕ್ರ ಉರುಳಿತು. ಹಾಳೆ ಎರಡಾಗಿ ಬಿತ್ತು. ಸದ್ದೇ ಇಲ್ಲ.

ಹತ್ತು ಕೊಯ್ದಳು. ಇಪ್ಪತ್ತು ಕೊಯ್ದಳು. ನಲವತ್ತನೆಯದೂ ಮೊದಲನೆಯದರ ಹಾಗೇ ಬಂತು.

ಪಟ್ಟಿಯ ಆ ಸಾಲನ್ನು ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ತಿದ್ದಿದಳು. ಗುರುಗಳ ಹತ್ತಿರ ಒಯ್ಯಲಿಲ್ಲ. ಎರಡು ಕಟರ್‌ಗಳನ್ನು ಮೇಜಿನಿಂದ ಇಳಿಸಿದಳು. ಆಮೇಲೆ ಹಿತ್ತಲಿಗೆ ನಡೆದಳು.

“ತಿರಕವ್ವಾ, ಮೇಜಿಗೆ ಬನ್ನಿ.”

“ಯಾಕ? ಯಂತ್ರ ಆರಿಸಿದಿಯಂತಲ್ಲ. ನೀನ ಕೊಯ್. ಓದಿದಾಕಿ ಅದೀ, ಎಳೇ ಕೈ ಅದಾವು. ಮುದುಕಿ ಯಾಕ ಬೇಕು?”

“ನಾನು ಕೊಯ್ಯೋಕೆ ಆರಿಸಲಿಲ್ಲ.”

ತಿರಕವ್ವ ತಲೆ ಎತ್ತಿದಳು. ಆಗ ಬಿದಿರಿನ ಕಟ್ಟು ಕಂಡಿತು.

“ಅಯ್ಯ, ಕೈಗೇನಾತ?”

“ಏನೂ ಆಗಿಲ್ಲ. ನಿಮ್ಮ ಕೈ ಹೇಗಿದೆ ಅಂತ ನೋಡ್ತಿದ್ದೆ.”

ತಿರಕವ್ವ ಬಹಳ ಹೊತ್ತು ಆ ಕಟ್ಟನ್ನೇ ನೋಡಿದಳು. ತನ್ನ ಮಣಿಕಟ್ಟನ್ನು ಒಮ್ಮೆ ಸವರಿಕೊಂಡಳು.

“ಹುಚ್ಚಿ,” ಎಂದಳು.

ಆಮೇಲೆ ಮಡಿಲಿನ ಚಿಂದಿ ಕೊಡವಿ ಎದ್ದಳು.

ಮೇಜಿನ ಮುಂದೆ ಕುಳಿತು ಚಕ್ರದ ಕಟರನ್ನು ತಟ್ಟಿ ನೋಡಿದಳು. “ಮಕ್ಕಳ ಆಟದ ಸಾಮಾನ ಇದ್ದಂಗೈತಿ,” ಎಂದು ಮೂಗು ಮುರಿದಳು. ಹಾಳೆ ಮಡಚಿದಳು, ಉಗುರಿನಿಂದ ತೀಡಿದಳು, ಮಡಿಕೆಯನ್ನು ಅಡ್ಡಪಟ್ಟಿಗೆ ಕೊಟ್ಟಳು. ಅಂಗೈ ಇಟ್ಟು ತೋಳು ಚಾಚಿದಳು.

ಚಕ್ರ ಉರುಳಿತು.

ಅವಳ ಹುಬ್ಬು ಮೇಲೇರಿತು. ಇನ್ನೊಂದು ಕೊಯ್ದಳು. ಮತ್ತೊಂದು. ನಾಲ್ಕು ಬದಿಯನ್ನೂ ತಿರುಗಿಸಿ ಕೊಯ್ದು, ಕಾರ್ಡನ್ನು ಮೇದಿನಿಯ ಕಡೆ ದೂಡಿದಳು.

“ಅಳತಿ ಮಾಡೂದಿಲ್ಲೇನು?”

“ಬೇಡ.”

“ಮಾಡು ಅಂತೀನಿ!”

ಮೇದಿನಿ ಅಳೆದಳು. ಎರಡು ಕರ್ಣಗಳೂ ಒಂದೇ. ಕಾರ್ಡು ಲಕೋಟೆಯೊಳಗೆ ನೀರಿನಂತೆ ಇಳಿಯಿತು.

“ನೋವಾಯ್ತಾ?”

“ಇಲ್ಲವ್ವ.” ತಿರಕವ್ವನ ದನಿ ಮೆತ್ತಗಾಯಿತು. ಮರುಕ್ಷಣವೇ ಗದರಿದಳು. “ನಿಂತು ಏನ್ ನೋಡ್ತೀ? ಸಂಕ್ರಾಂತಿ ನಿನಗ ಕಾಯ್ತೈತೇನು? ಆ ಕಟ್ಟು ಬಿಚ್ಚಿ ಈ ಕಡೆ ಕುಂದ್ರು. ನೀ ಮಡಚು, ನಾ ಕೊಯ್ತೀನಿ.”

“ಸಂಜೆಯವರೆಗೆ ಬಿಚ್ಚಬೇಡ ಅಂದಿದ್ದಾರೆ ಗುರುಗಳು.”

“ಹಂಗಾದ್ರ ಎಡಗೈಲೆ ಮಡಚು. ನಾ ಮಡಚೂದಿಲ್ಲೇನು?”

ಮೇದಿನಿ ಕುಳಿತಳು. ಮೊದಲ ಮಡಿಕೆಯನ್ನು ತಿರಕವ್ವ ಬಿಚ್ಚಿಸಿದಳು. ಎರಡನೆಯದನ್ನೂ ಬಿಚ್ಚಿಸಿದಳು. ಮೂರನೆಯದಕ್ಕೆ ಏನೂ ಅನ್ನದೆ ಕೈ ಚಾಚಿ ತೆಗೆದುಕೊಂಡಳು. ಕಾಲೇಜಿನ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಾಗಲೂ ಮೇದಿನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಸಂಜೆಯ ಹೊತ್ತಿಗೆ ಗುರುಗಳು ಬಾಗಿಲಲ್ಲಿ ಕಾಣಿಸಿಕೊಂಡರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತರು.

ತಿರಕವ್ವ ತಲೆ ಎತ್ತದೆ ಹೇಳಿದಳು. “ಅಜ್ಜಾರ, ನಾಕನೂರು ಕಾರ್ಡು ಅದಾವು. ಇಬ್ಬರ ಕೈಲೆ ಆಗೂದಲ್ಲ. ಕೈ ತೊಳಕೊಂಡು ಬರ್ರಿ.”

ಗುರುಗಳು ಬಾವಿಯ ಕಡೆ ನಡೆದರು. ಹೆಜ್ಜೆಯಲ್ಲಿ ಅವಸರವಿತ್ತು. ಒದ್ದೆ ಕೈಗಳನ್ನು ಹೆಗಲ ವಸ್ತ್ರದಿಂದ ಬೆರಳು ಬೆರಳೂ ಒರೆಸಿಕೊಂಡು ಬಂದರು.

ಮೇದಿನಿ ಗಡಬಡಿಸಿ ಏಳಹೋದಳು. “ಗುರುಗಳೇ, ನೀವು ಇಲ್ಲಿ ಕುಳಿತುಕೊಳ್ಳಿ.”

“ಏಳಬೇಡ, ಏಳಬೇಡ. ಇವಳು ಈ ಮೇಜಿಗೆ ಕರೆಯಲಿ ಎಂದು ಮೂವತ್ತು ವರ್ಷದಿಂದ ಕಾಯುತ್ತಿದ್ದೇನೆ. ಸ್ವಲ್ಪ ಪಕ್ಕಕ್ಕೆ ಸರಿ, ತಾಯಿ.”