ಕ್ರಿಯಾಪದದ ಮೂರು ರೂಪ

“ಗುರುಗಳೇ, ನಾನು ತಪ್ಪು ಮಾತಾಡುವವನಲ್ಲ. ಆದರೂ ನನ್ನ ಜೊತೆ ಒಂದು ಗಳಿಗೆ ಕೂರಲು ಯಾರೂ ಬರುವುದಿಲ್ಲ. ಯಾಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರಿದ್ದರು. ಕ್ರಿಯಾಪದ ಎಂದರೆ ಅವರಿಗೆ ಪಂಚಪ್ರಾಣ. ವರ್ತಮಾನದ ರೂಪ, ಭೂತಕಾಲದ ರೂಪ, ಭೂತಕೃದಂತ, ಮೂರನ್ನೂ ತಡವರಿಸದೆ ಒಪ್ಪಿಸಿದ ಮೇಲೆಯೇ ಹುಡುಗರಿಗೆ ಕೂರಲು ಅಪ್ಪಣೆ. ಅದು ಶಾಲೆಯ ಮಾತು, ಬಿಡು. ಬೀದಿಯಲ್ಲೂ ಅದೇ ಕಾನೂನು! ಹಳೆಯ ವಿದ್ಯಾರ್ಥಿ ನಮಸ್ಕಾರ ಎಂದರೆ ಮೇಷ್ಟ್ರು ತಿರುಗಿ ನಮಸ್ಕಾರ ಎನ್ನುತ್ತಿರಲಿಲ್ಲ. ಒಂದು ಕ್ರಿಯಾಪದ ಎಸೆಯುತ್ತಿದ್ದರು. ಮೀಸೆ ನರೆತ ಗಂಡಸರೂ ನಡುಬೀದಿಯಲ್ಲಿ ಕೈಕಟ್ಟಿ ನಿಂತು ‘ಗೋ, ವೆಂಟ್, ಗಾನ್’ ಎಂದು ಒಪ್ಪಿಸಬೇಕು. ಬರಬರುತ್ತಾ ಜನ ಅವರನ್ನು ಕಂಡರೆ ಪಕ್ಕದ ಓಣಿ ಹಿಡಿದರು. ಅಯ್ಯೋ ಪಾಪ, ಮೇಷ್ಟ್ರು ಅದನ್ನು ಭಯಭಕ್ತಿ ಎಂದುಕೊಂಡರು.

ನಿವೃತ್ತಿಯಾಯಿತು. ಹೆಂಡತಿ ತೀರಿಕೊಂಡರು. ಒಮ್ಮೆ ಜ್ವರ ಬಂದು ಹದಿನೈದು ದಿನ ಮಲಗಿದರು. ಒಬ್ಬರೂ ಇತ್ತ ತಲೆ ಹಾಕಲಿಲ್ಲ. ಜ್ವರವನ್ನು ಹೇಗೋ ತಡೆದುಕೊಂಡರು, ಒಂಟಿತನವನ್ನು ತಡೆಯಲಾಗಲಿಲ್ಲ. ಯಾರಾದರೂ ಬಂದು ಎದುರಿಗೆ ಸುಮ್ಮನೆ ಕೂತರೂ ಸಾಕು ಅನ್ನಿಸುತ್ತಿತ್ತು.

ಹದಿನಾರನೆಯ ದಿನ ದರ್ಜಿ ಕೊಟ್ರೇಶ ಬಾಗಿಲಿಗೆ ಬಂದ. ಅವನೂ ಹಳೆಯ ವಿದ್ಯಾರ್ಥಿಯೇ. ಕೈಯಲ್ಲಿ ಡಬ್ಬಿ ಇತ್ತು.

“ಗಂಜಿ ತಂದೀನಿ ಸಾರ್,” ಎಂದ.

ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಒಳಗೆ ಬಾ, ಕೂತ್ಕೊ ಎನ್ನಬೇಕು. ಆದರೆ ನಲವತ್ತು ವರ್ಷದ ಚಾಳಿ ಕೇಳಬೇಕಲ್ಲ! ಬಾಯಿಗೆ ಬಂದದ್ದೇ ಬೇರೆ.

“ತರು ಅನ್ನೋದಕ್ಕೆ ಇಂಗ್ಲಿಷಲ್ಲಿ ಏನೋ? ಮೂರೂ ರೂಪ ಹೇಳು.”

“ಬ್ರಿಂಗ್... ಬ್ರ್ಯಾಂಗ್...” ಐವತ್ತರ ಕೊಟ್ರೇಶ ಬೆವೆತುಹೋದ. ಡಬ್ಬಿಯನ್ನು ಜಗುಲಿಯ ಮೇಲಿಟ್ಟು, ತಲೆ ತಗ್ಗಿಸಿಕೊಂಡು ಹೊರಟುಬಿಟ್ಟ.

ಮೇಷ್ಟ್ರು ಒಬ್ಬರೇ ಕೂತು ಗಂಜಿ ಕುಡಿದರು. ಮರುದಿನ ಡಬ್ಬಿ ತೊಳೆದು, ಕೋಲೂರಿಕೊಂಡು ದರ್ಜಿ ಅಂಗಡಿಗೆ ಹೊರಟರು. ಇವತ್ತು ಏನನ್ನೂ ಕೇಳಬಾರದು, ಸಂಜೆ ಮನೆಗೆ ಬಾರಪ್ಪ ಎನ್ನಬೇಕು, ಅಷ್ಟೇ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

ಅವರನ್ನು ಕಂಡದ್ದೇ ತಡ, ಕೊಟ್ರೇಶ ಹೊಲಿಗೆ ಮಿಷನ್ ಬಿಟ್ಟು ದಡಕ್ಕನೆ ಎದ್ದ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕೈಕಟ್ಟಿ ನಿಂತು “ಬ್ರಿಂಗ್, ಬ್ರಾಟ್, ಬ್ರಾಟ್!” ಎಂದು ಒಪ್ಪಿಸಿದ. ಪಾಪ, ಮಗಳ ಪುಸ್ತಕ ಹಿಡಿದು ಬಾಯಿಪಾಠ ಮಾಡಿದ್ದ.

ಮೇಷ್ಟ್ರು ಅವನ ಮುಖ ನೋಡಿದರು. ಅಲ್ಲಿ ಇದ್ದದ್ದು ಬರೀ ಹೆದರಿಕೆ. ಕರೆದರೆ ಬಂದಾನು. ಬಂದರೂ ಹೀಗೇ ನಿಂತಿರುತ್ತಾನೆ, ಕೂರುವುದಿಲ್ಲ.

“ಸರಿಯಾಗಿದೆ,” ಎಂದು ಡಬ್ಬಿ ಕೊಟ್ಟು ಮನೆಗೆ ಮರಳಿದರು.

“ಛೆ, ಎಂಥ ಮನುಷ್ಯ!” ಎಂದ ಶಿಷ್ಯ.

“ಮೊನ್ನೆ ನಿನ್ನ ತಮ್ಮ ಅಷ್ಟು ದೂರದಿಂದ ನಡೆದು ಬಂದನಲ್ಲ, ಕೂರು ಎನ್ನುವ ಮೊದಲು ಅವನಲ್ಲಿ ನೀನು ಏನನ್ನು ತಿದ್ದಿದೆ?” ಎಂದರು ಗುರುಗಳು.